ಮುಖ ಮ್ಯಾಚ್ ಆಯ್ತು, ಡಾಕ್ಯುಮೆಂಟೂ ಸರಿ ಇದೆ, ಆದ್ರೂ ಕೆವೈಸಿ ಯಾಕೆ ಸೋಲ್ತಿದೆ?

ಅಕೌಂಟ್ ಓಪನ್ ಮಾಡೋ ಫಾರ್ಮ್‌ನಲ್ಲಿ ಅಡ್ರೆಸ್ ಕೇಳಿದ ಜಾಗದಲ್ಲಿ ಒಬ್ಬರು ಬಕಿಂಗ್‌ಹ್ಯಾಮ್ ಅರಮನೆ ಅಂತ ಬರೆದಿದ್ದಾರೆ, ಇನ್ನೊಬ್ಬರು 10 ಡೌನಿಂಗ್ ಸ್ಟ್ರೀಟ್ ಅಂತ, ಮತ್ತೊಬ್ಬರು ಆ ಬ್ಯಾಂಕಿನ ಆಫೀಸಿನ ಅಡ್ರೆಸ್ಸನ್ನೇ ಹಾಕಿದ್ದಾರೆ, ಆದ್ರೂ ಅಕೌಂಟ್ ಓಪನ್ ಆಗಿದೆ. ಇದು ಬ್ರಿಟನ್ನಿನ ಮೊಂಜೊ ಬ್ಯಾಂಕಲ್ಲಿ ನಡೆದದ್ದು. 2025ರ ಜುಲೈನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಎ ಈ ಬ್ಯಾಂಕಿಗೆ ಸುಮಾರು 2.1 ಕೋಟಿ ಪೌಂಡ್ ದಂಡ ಹಾಕ್ತು. ಕಸ್ಟಮರ್‌ನ ಒಳಗೆ ತಗೊಳ್ಳೋ ವ್ಯವಸ್ಥೆ, ಅವರ ರಿಸ್ಕ್ ಅಳೆಯೋದು, ಆಮೇಲೆ ವಹಿವಾಟಿನ ಮೇಲೆ ಕಣ್ಣಿಡೋದು, ಮೂರೂ ಸಾಲದು ಅಂತ ಹೇಳ್ತು. 2018ರಲ್ಲಿ 6 ಲಕ್ಷದಷ್ಟಿದ್ದ ಕಸ್ಟಮರ್‌ಗಳು 2022ಕ್ಕೆ 58 ಲಕ್ಷ ದಾಟಿದ್ರು. ಹೈ ರಿಸ್ಕ್ ಇರೋರಿಗೆ ಹೊಸ ಅಕೌಂಟ್ ಕೊಡಬೇಡಿ ಅಂತ 2020ರ ಆಗಸ್ಟಲ್ಲೇ ಷರತ್ತು ಹಾಕಿದ ಮೇಲೂ 2022ರ ಜೂನ್ ಒಳಗೆ ಅಂಥ 34,000ಕ್ಕಿಂತ ಹೆಚ್ಚು ಜನರನ್ನ ತಗೊಂಡಿದ್ರು.

ಅರಮನೆ ಅಡ್ರೆಸ್ ವಿಷ್ಯ ಎಲ್ಲ ಕಡೆ ಓಡಾಡ್ತು. ನನಗೆ ಕಾಡಿದ್ದು ಬೇರೆ. ಆ ಉತ್ತರ ಟೈಪ್ ಆಗಿದೆ, ಸೇವ್ ಆಗಿದೆ, ಡೇಟಾಬೇಸ್‌ನಲ್ಲಿ ಕೂತಿದೆ, ಆದ್ರೆ ಮನುಷ್ಯರಾಗಲಿ ಮಷಿನ್ ಆಗಲಿ ಅದನ್ನ ಓದಿಲ್ಲ. ಹಣಕಾಸು ಕಂಪನಿಗಳ ಆನ್‌ಬೋರ್ಡಿಂಗ್‌ನಲ್ಲಿ, ಅಂದ್ರೆ ಹೊಸ ಕಸ್ಟಮರ್‌ನ ಸೇರಿಸ್ಕೊಳ್ಳೋ ಕೆಲಸದಲ್ಲಿ, ಇವತ್ತಿನ ದೊಡ್ಡ ತೊಂದ್ರೆ ಇದೇ ಅನ್ನೋದು ನನ್ನ ಅಭಿಪ್ರಾಯ. ಈ ಮನುಷ್ಯ ಯಾರು ಅಂತ ಕಂಡುಹಿಡಿಯೋಕೆ ಕ್ಯಾಮೆರಾ, ಎಐ, ವೆಂಡರ್ ಅಂತ ಖರ್ಚಿನ ಮೇಲೆ ಖರ್ಚು ಮಾಡ್ತಾರೆ, ಯಾಕೆ ಬಂದಿದ್ದಾರೆ ಅನ್ನೋ ಪ್ರಶ್ನೆನ ಮಾತ್ರ ಫಾರ್ಮ್ ತುಂಬ್ಸೋಕೆ ಕೇಳಿ ಬಿಟ್ಟುಬಿಡ್ತಾರೆ.

ನಿಯಮದಲ್ಲಿ ಹೀಗಿಲ್ಲ. ಕಪ್ಪುಹಣ ಬಿಳಿ ಮಾಡೋದನ್ನ ತಡೆಯೋಕೆ 1989ರಲ್ಲಿ ಜಿ7 ದೇಶಗಳು ಪ್ಯಾರಿಸ್‌ನಲ್ಲಿ ಎಫ್‌ಎಟಿಎಫ್ ಅನ್ನೋ ಸಂಸ್ಥೆ ಕಟ್ಟಿದ್ವು, 1990ರಲ್ಲಿ ಅದು 40 ಶಿಫಾರಸು ಕೊಡ್ತು, ಇವತ್ತು ಹೆಚ್ಚುಕಮ್ಮಿ ಎಲ್ಲ ದೇಶದ ಕೆವೈಸಿ, ಅಂದ್ರೆ ನಿಮ್ಮ ಕಸ್ಟಮರ್‌ನ ತಿಳ್ಕೊಳ್ಳಿ ಅನ್ನೋ ಕಾನೂನೂ ಅದರ ಮೇಲೇ ನಿಂತಿದೆ. ಅದರ 10ನೇ ಶಿಫಾರಸು ನಾಲ್ಕು ಕೆಲಸ ಹೇಳುತ್ತೆ. ಕಸ್ಟಮರ್ ಯಾರು ಅಂತ ಗುರುತಿಸಿ ನಂಬಬಹುದಾದ ದಾಖಲೆಯಿಂದ ಖಚಿತ ಮಾಡ್ಕೊಳ್ಳಿ, ಅವರ ಹಿಂದೆ ನಿಜವಾದ ಮಾಲೀಕರು ಬೇರೆ ಯಾರಾದ್ರೂ ಇದ್ದಾರಾ ನೋಡಿ, ಈ ಸಂಬಂಧದ ಉದ್ದೇಶ ಏನು ಅಂತ ಅರ್ಥ ಮಾಡ್ಕೊಳ್ಳಿ, ಮತ್ತೆ ಅಕೌಂಟ್ ಇರೋ ಅಷ್ಟು ದಿನವೂ ಗಮನ ಇಡಿ. ನಾಲ್ಕರಲ್ಲಿ ಸೆಲ್ಫಿ ಬರೋದು ಮೊದಲನೇದರಲ್ಲಿ, ಅದೂ ಅರ್ಧ ಭಾಗಕ್ಕೆ. ಆದ್ರೆ ಕಂಪನಿಯ ಮೀಟಿಂಗ್‌ಗಳಲ್ಲಿ ಕೆವೈಸಿ ಅಂದ್ರೆ ಚರ್ಚೆ ಆಗೋದು ಸೆಲ್ಫಿ ಸ್ಟೆಪ್‌ನಲ್ಲಿ ಎಷ್ಟು ಜನ ಬಿಟ್ಟು ಹೋದ್ರು ಅಂತ.

ಹಾಗಂತ ಮೊದಲನೇ ಕೆಲಸ ಸುಲಭ ಅಂತ ಅಂದ್ಕೋಬೇಡಿ, ಅದರ ಒಳಗೇ ಬೇಕಾದಷ್ಟಿದೆ. ಪಾಸ್‌ಪೋರ್ಟಿನ ಫೋಟೋ ಇರೋ ಪುಟದ ಕೆಳಗಡೆ ಎರಡು ಸಾಲು ಇರುತ್ತಲ್ಲ, ಒಂದೊಂದರಲ್ಲೂ 44 ಅಕ್ಷರ, ಮಷಿನ್ ಓದೋದು. ಅದರಲ್ಲಿ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯೋ ದಿನ ಇವುಗಳ ಪಕ್ಕ ಒಂದೊಂದು ಚೆಕ್ ಡಿಜಿಟ್ ಇರುತ್ತೆ. ಅಕ್ಷರಗಳ ಬೆಲೆನ 7, 3, 1 ಅಂತ ಸರದಿಯಲ್ಲಿ ಗುಣಿಸಿ ಕೂಡಿಸಿ 10ರಿಂದ ಭಾಗಿಸಿದ್ರೆ ಉಳಿಯೋ ಸಂಖ್ಯೆ ಅದು. ಸ್ಕ್ಯಾನರ್ ತಪ್ಪಾಗಿ ಓದಿದ್ರೆ ಗೊತ್ತಾಗ್ಲಿ ಅಂತ ಮಾಡಿದ್ದು, ಕಳ್ಳನ್ನ ಹಿಡಿಯೋಕಲ್ಲ, ಯಾಕಂದ್ರೆ ಸೂತ್ರ ಎಲ್ಲರಿಗೂ ಗೊತ್ತು, ನಕಲಿ ಮಾಡೋನೂ ಅದೇ ಲೆಕ್ಕ ಹಾಕಿ ಸರಿಯಾದ ನಂಬರ್ ಬರೀತಾನೆ. ಆದ್ರೂ "ಡಾಕ್ಯುಮೆಂಟ್ ವ್ಯಾಲಿಡ್" ಅಂತ ಸ್ಕ್ರೀನ್ ಮೇಲೆ ಹಸಿರು ಟಿಕ್ ಬಂದಾಗ ಅದರ ಹಿಂದೆ ಇಷ್ಟೇ ಇದ್ದದ್ದನ್ನ ನಾನು ನೋಡಿದ್ದೀನಿ. ಅದೇ ಪಾಸ್‌ಪೋರ್ಟ್ ಒಳಗಿನ ಚಿಪ್ಪನ್ನ ಫೋನಿನ ಎನ್‌ಎಫ್‌ಸಿಯಿಂದ (ಹತ್ತಿರ ಹಿಡಿದು ಚಿಪ್ ಓದೋ ಸೌಲಭ್ಯ) ಓದಿದ್ರೆ ಕಥೆನೇ ಬೇರೆ, ಅಲ್ಲಿರೋ ಹೆಸರಿಗೂ ಫೋಟೋಗೂ ಪಾಸ್‌ಪೋರ್ಟ್ ಕೊಟ್ಟ ದೇಶದ ಡಿಜಿಟಲ್ ಸಹಿ ಇರುತ್ತೆ, ಒಂದು ಅಕ್ಷರ ಬದಲಾಯಿಸಿದ್ರೂ ಸಹಿ ತಾಳೆ ಆಗಲ್ಲ. ಟಿಕ್ಕಿನ ಬಣ್ಣ ಎರಡಕ್ಕೂ ಒಂದೇ. ಆದ್ರಿಂದ ಡ್ಯಾಶ್‌ಬೋರ್ಡ್ ನೋಡೋರು ಮೊದಲು ಕೇಳಬೇಕಾದ್ದು ಈ ಟಿಕ್ ಯಾವ ಪರೀಕ್ಷೆ ಮಾಡಿ ಬಂತು ಅಂತ.

ಮುಖದ ವಿಷ್ಯಕ್ಕೆ ಬಂದ್ರೆ, ಸಾಫ್ಟ್‌ವೇರ್ "ಇದು ಅವರೇ" ಅಂತ ಹೇಳಲ್ಲ, ಒಂದು ಸ್ಕೋರ್ ಕೊಡುತ್ತೆ. ಎಷ್ಟು ಬಂದ್ರೆ ಪಾಸ್ ಅಂತ ತೀರ್ಮಾನ ಮಾಡೋರು ಕಂಪನಿಯವರು. ಗೆರೆ ಮೇಲಕ್ಕೆ ಎಳೆದ್ರೆ ಪ್ರಾಮಾಣಿಕರು ಹೊರಗೆ ಬೀಳ್ತಾರೆ, ಕೆಳಗೆ ಇಳಿಸಿದ್ರೆ ಬೇರೆಯವರ ಮುಖ ಒಳಗೆ ಬರುತ್ತೆ. ಜೊತೆಗೆ ಒಂದೇ ಗೆರೆ ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಬಿಟ್ಟ ವರದಿಯಲ್ಲಿ, ಎಷ್ಟೋ ಅಲ್ಗಾರಿದಮ್‌ಗಳು ಬಿಳಿಯರ ಮುಖಕ್ಕೆ ಹೋಲಿಸಿದ್ರೆ ಏಷ್ಯಾ ಮತ್ತು ಆಫ್ರಿಕನ್ ಅಮೆರಿಕನ್ ಮೂಲದವರ ಮುಖಗಳನ್ನ ಒಬ್ಬರಿಗೆ ಇನ್ನೊಬ್ಬರು ಅಂತ 10ರಿಂದ 100 ಪಟ್ಟು ಹೆಚ್ಚು ಸಲ ತಪ್ಪಾಗಿ ಮ್ಯಾಚ್ ಮಾಡಿದ್ದು ಕಂಡುಬಂತು. ಏಷ್ಯಾದಲ್ಲೇ ತಯಾರಾದ ಕೆಲವು ಅಲ್ಗಾರಿದಮ್‌ಗಳಲ್ಲಿ ಏಷ್ಯಾದವರ ಮುಖಕ್ಕೆ ಇಂಥ ದೊಡ್ಡ ವ್ಯತ್ಯಾಸ ಇರಲಿಲ್ಲ, ಅಂದ್ರೆ ಯಾವ ಮುಖಗಳನ್ನ ತೋರಿಸಿ ಕಲಿಸಿದ್ದೀರಿ ಅನ್ನೋದು ಮುಖ್ಯ ಆಗುತ್ತೆ. ವೆಂಡರ್ ತೋರಿಸೋ ಸರಾಸರಿ ನಿಖರತೆ ನೋಡಿ ಸಹಿ ಹಾಕೋ ಬದಲು ನಮ್ಮ ಕಸ್ಟಮರ್‌ಗಳ ಮೇಲೆ ಟೆಸ್ಟ್ ಮಾಡಿದ್ದೀರಾ ಅಂತ ಕೇಳೋದು ದೊಡ್ಡ ಕಷ್ಟ ಏನಲ್ಲ, ಆದ್ರೂ ಕೇಳೋರು ಕಮ್ಮಿ.

ಡೀಪ್‌ಫೇಕ್, ಅಂದ್ರೆ ಎಐ ತಯಾರು ಮಾಡೋ ನಕಲಿ ಮುಖದ ಬಗ್ಗೆ ಈಗ ಎಲ್ಲರಿಗೂ ಭಯ ಇದೆ, ಭಯ ಇರಬೇಕಾದ್ದೇ. 2023ರಲ್ಲಿ ಹಾಂಗ್‌ಕಾಂಗ್ ಪೊಲೀಸರು ಹಿಡಿದ ಒಂದು ತಂಡ ಕಳೆದುಹೋಗಿದ್ದ 8 ಐಡಿ ಕಾರ್ಡ್ ಇಟ್ಕೊಂಡು 90 ಸಾಲದ ಅರ್ಜಿ, 54 ಬ್ಯಾಂಕ್ ಅಕೌಂಟ್ ಅರ್ಜಿ ಹಾಕಿತ್ತು, ಮುಖದ ಪರೀಕ್ಷೆ ದಾಟೋಕೆ ಡೀಪ್‌ಫೇಕ್ ಬಳಸಿತ್ತು. ಇಲ್ಲಿ ಒಂದು ವ್ಯತ್ಯಾಸ ತಿಳ್ಕೊಂಡಿರಬೇಕು. ಕ್ಯಾಮೆರಾ ಮುಂದೆ ಫೋಟೋ ಹಿಡಿಯೋದು, ಮಾಸ್ಕ್ ಹಾಕೋದು, ಇನ್ನೊಂದು ಫೋನಿನಲ್ಲಿ ವಿಡಿಯೊ ಓಡಿಸೋದು ಒಂದು ರೀತಿ. ಇವನ್ನ ಹಿಡಿಯೋದು ಹೇಗೆ ಪರೀಕ್ಷೆ ಮಾಡಬೇಕು ಅನ್ನೋಕೆ ಐಎಸ್‌ಒ 30107 ಅನ್ನೋ ಮಾನದಂಡ ಇದೆ. ಇನ್ನೊಂದು ರೀತಿಯಲ್ಲಿ ಕ್ಯಾಮೆರಾನೇ ಇರಲ್ಲ, ಸಾಫ್ಟ್‌ವೇರಿನ ಸುಳ್ಳು ಕ್ಯಾಮೆರಾದಿಂದ ತಯಾರಾದ ವಿಡಿಯೊ ನೇರವಾಗಿ ಆ್ಯಪ್ ಒಳಗೆ ಸುರೀತಾರೆ, ಇದಕ್ಕೆ ಇಂಜೆಕ್ಷನ್ ಅಟ್ಯಾಕ್ ಅಂತಾರೆ. ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಅನ್ನೋದು ಇಲ್ಲಿ ಅಷ್ಟು ಸಹಾಯಕ್ಕೆ ಬರಲ್ಲ, ವಿಡಿಯೊ ನಿಜವಾದ ಫೋನಿನ ನಿಜವಾದ ಕ್ಯಾಮೆರಾದಿಂದಲೇ ಬಂತಾ ಅಂತ ನೋಡಬೇಕು. ಮೊದಲನೇದಕ್ಕೆ ಸರ್ಟಿಫಿಕೇಟ್ ತಗೊಂಡು ಎರಡನೇದಕ್ಕೂ ರಕ್ಷಣೆ ಇದೆ ಅಂತ ನಂಬ್ಕೊಂಡಿರೋ ಟೀಮ್‌ಗಳಿವೆ.

ಹೆಸರಿನ ಸ್ಕ್ರೀನಿಂಗ್ ಇನ್ನೊಂದು ದೊಡ್ಡ ಭಾಗ, ನಿರ್ಬಂಧ ಹಾಕಿರೋರ ಪಟ್ಟಿ, ರಾಜಕೀಯ ಸ್ಥಾನದಲ್ಲಿರೋರ ಪಟ್ಟಿ ಇವುಗಳ ಜೊತೆ ಹೊಸ ಕಸ್ಟಮರ್ ಹೆಸರು ಹೋಲಿಸೋದು. ಮೊಹಮ್ಮದ್ ಅನ್ನೋ ಒಂದೇ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಎಷ್ಟೋ ರೀತಿ ಬರೀತಾರೆ, ಚೀನಾದವರ ಹೆಸರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ, ಇಂಡೋನೇಷ್ಯಾದಲ್ಲಿ ಎಷ್ಟೋ ಜನಕ್ಕೆ ಒಂದೇ ಪದದ ಹೆಸರು, ಫಾರ್ಮ್ ಮಾತ್ರ ಸರ್‌ನೇಮ್ ಖಾಲಿ ಬಿಡೋ ಹಾಗಿಲ್ಲ ಅಂತ ಹಟ ಹಿಡಿಯುತ್ತೆ. ಹೀಗಾಗಿ ಅಕ್ಷರಕ್ಕೆ ಅಕ್ಷರ ಹೋಲಿಸಿದ್ರೆ ಸಿಗಬೇಕಾದೋರು ತಪ್ಪಿಸ್ಕೊಳ್ತಾರೆ, ಸ್ವಲ್ಪ ಸಡಿಲ ಮಾಡಿದ್ರೆ ಸಂಬಂಧವೇ ಇಲ್ಲದವರು ಸಾಲುಗಟ್ಟಿ ಸಿಕ್ಕಿಬೀಳ್ತಾರೆ. ಅದಕ್ಕಿಂತ ಮುಂಚೆ ಪಟ್ಟಿ ಪೂರ್ತಿ ಇದೆಯಾ ಅಂತಾದ್ರೂ ನೋಡಬೇಕು ಅಲ್ವಾ. ಬ್ರಿಟನ್ನಿನ ಸ್ಟಾರ್ಲಿಂಗ್ ಬ್ಯಾಂಕಲ್ಲಿ 2017ರಿಂದ ಸ್ಕ್ರೀನಿಂಗ್ ನಡೀತಾ ಇದ್ದದ್ದು ನಿರ್ಬಂಧ ಪಟ್ಟಿಯ ಒಂದು ಸಣ್ಣ ಭಾಗದ ಮೇಲೆ ಮಾತ್ರ ಅನ್ನೋದು ಬ್ಯಾಂಕಿಗೇ ಗೊತ್ತಾಗಿದ್ದು 2023ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಸುಮಾರು 2.9 ಕೋಟಿ ಪೌಂಡ್ ದಂಡ ಬಿತ್ತು. ಸಿಸ್ಟಮ್ ದಿನಾ ಓಡ್ತಿತ್ತು, ರಿಪೋರ್ಟೂ ಬರ್ತಿತ್ತು, ಅಲರ್ಟ್ (ಅನುಮಾನ ಬಂದಾಗ ಸಿಸ್ಟಮ್ ಕೊಡೋ ಎಚ್ಚರಿಕೆ) ಕಮ್ಮಿ ಇದ್ದಿದ್ದನ್ನ ನೋಡಿ ಎಲ್ಲ ಚೆನ್ನಾಗಿದೆ ಅಂತ ಅನ್ಸೋದು ಸಹಜ, ಆದ್ರೆ ವರ್ಷಗಟ್ಟಲೆ ಅಲರ್ಟ್ ಕಮ್ಮಿ ಇದ್ರೆ ಅದೂ ಅನುಮಾನ ಪಡಬೇಕಾದ ವಿಷ್ಯನೇ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ, ಉದಾಹರಣೆಗೆ ಅಷ್ಟೇ. 1 ಲಕ್ಷ ಜನ ಅರ್ಜಿ ಹಾಕಿದ್ದಾರೆ, ಅದರಲ್ಲಿ 200 ಜನ ಮೋಸಗಾರರು ಅಂತ ಇಟ್ಕೊಳ್ಳಿ. ನಿಮ್ಮ ಸಿಸ್ಟಮ್ ತುಂಬ ಒಳ್ಳೇದು, ಮೋಸಗಾರರಲ್ಲಿ ಶೇ 95ರಷ್ಟು ಜನರನ್ನ ಹಿಡಿಯುತ್ತೆ, ಪ್ರಾಮಾಣಿಕರಲ್ಲಿ ಶೇ 2ರಷ್ಟು ಜನರನ್ನ ಮಾತ್ರ ತಪ್ಪಾಗಿ ನಿಲ್ಸುತ್ತೆ. ಸಿಕ್ಕ ಮೋಸಗಾರರು 190, ಸಿಕ್ಕಿಬಿದ್ದ ಪ್ರಾಮಾಣಿಕರು 1,996. ಒಟ್ಟು 2,186 ಕೇಸ್ ರಿವ್ಯೂ ಟೀಮ್ ಮುಂದೆ ಬಂದು ಬೀಳುತ್ತೆ, ಹತ್ತರಲ್ಲಿ ಒಂಬತ್ತು ಏನೂ ತಪ್ಪು ಮಾಡದವರದ್ದು. ಬೆಳಗ್ಗೆಯಿಂದ ಸಂಜೆವರೆಗೂ ಅದನ್ನ ನೋಡೋ ಮನುಷ್ಯರ ಸ್ಥಿತಿ ಯೋಚನೆ ಮಾಡಿ. ಒಂದು ಕೇಸಿಗೆ ಇಷ್ಟೇ ನಿಮಿಷ ಅಂತ ಟಾರ್ಗೆಟ್ ಇರುತ್ತೆ, ಹೆಚ್ಚಿನವು ಕ್ಲಿಯರ್ ಆಗೋ ಕೇಸೇ ಆಗಿರೋದ್ರಿಂದ ಬೆರಳು ತಾನಾಗೇ ಕ್ಲಿಯರ್ ಬಟನ್ ಕಡೆ ಹೋಗುತ್ತೆ, ಅಥವಾ ಇದಕ್ಕೆ ವಿರುದ್ಧವಾಗಿ, ಹೋದ ತಿಂಗಳು ಯಾರೋ ಒಬ್ಬರು ಬೈಸ್ಕೊಂಡಿದ್ದಾರೆ ಅಂತ ಅನುಮಾನ ಬಂದ ಎಲ್ಲರನ್ನೂ ರಿಜೆಕ್ಟ್ ಮಾಡೋದು ಶುರುವಾಗುತ್ತೆ. ಎರಡನ್ನೂ ಒಂದೇ ಟೀಮ್‌ನಲ್ಲಿ ಒಂದೇ ವರ್ಷದಲ್ಲಿ ನಾನು ಕಂಡಿದ್ದೀನಿ.

ಒಂದು ಕೇಸ್ ನನಗೆ ಇನ್ನೂ ಮರೆಯೋಕಾಗಿಲ್ಲ. ಗಂಡ ತೀರಿಹೋದ ಮೇಲೆ ಒಬ್ಬ ಮಹಿಳೆ ತಮ್ಮ ಹೆಸರಲ್ಲಿ ಮೊದಲ ಸಲ ಅಕೌಂಟ್ ತೆಗೆಯೋಕೆ ಬಂದಿದ್ರು, ಐಡಿಯಲ್ಲಿ ಮದುವೆಗೆ ಮುಂಚಿನ ಹೆಸರು, ವಿಳಾಸದ ದಾಖಲೆಯಲ್ಲಿ ಮದುವೆ ಆದ ಮೇಲಿನ ಹೆಸರು. ಮೂರು ಸಲ ಅರ್ಜಿ ಹಾಕಿದ್ರು, ಮೂರು ಸಲವೂ "ನಿಮ್ಮ ವಿವರಗಳನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲ" ಅನ್ನೋ ಒಂದೇ ಸಾಲು ಹೋಗಿತ್ತು. ಮದುವೆ ಪ್ರಮಾಣಪತ್ರ ಕಳಿಸಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಟೀಮ್‌ನವರು, ಕಾರಣ ಹೇಳೋಕೆ ಕಾನೂನು ಬಿಡಲ್ಲ ಅಂದ್ರು. ಇದು ತಪ್ಪು ತಿಳುವಳಿಕೆ. ಅನುಮಾನಾಸ್ಪದ ವಹಿವಾಟಿನ ವರದಿ ಸರ್ಕಾರಕ್ಕೆ ಹೋಗಿದೆ ಅನ್ನೋದನ್ನ ಕಸ್ಟಮರ್‌ಗೆ ಹೇಳಬಾರದು, ಅದಕ್ಕೆ ಟಿಪ್ಪಿಂಗ್ ಆಫ್ ಅಂತಾರೆ, ಅದು ಸರಿ. ಫೋಟೋ ಮಸುಕಾಗಿದೆ, ಹೆಸರು ಎರಡು ಕಡೆ ಬೇರೆ ಇದೆ, ಅವಧಿ ಮುಗಿದಿದೆ ಅನ್ನೋದನ್ನ ಹೇಳಬೇಡಿ ಅಂತ ಆ ನಿಯಮ ಎಲ್ಲೂ ಹೇಳಲ್ಲ. ಎರಡನ್ನೂ ಒಂದೇ ಮೌನದೊಳಗೆ ಸೇರಿಸಿಬಿಟ್ರೆ ಏಟು ಬೀಳೋದು ಪೇಪರ್ ಸರಿ ಇಲ್ಲದ ಬಡವರಿಗೆ, ವಲಸೆ ಬಂದೋರಿಗೆ, ಹೆಸರು ಬದಲಾದ ಹೆಂಗಸರಿಗೆ. ಮೋಸಗಾರನಿಗೆ ಇನ್ನೊಂದು ಐಡಿ ಹೇಗೂ ಸಿಗುತ್ತೆ.

ಪೇಪರ್ರೇ ಇಲ್ಲದವರ ಸಂಖ್ಯೆನೂ ಸಣ್ಣದಲ್ಲ, ಜಗತ್ತಲ್ಲಿ ಸುಮಾರು 85 ಕೋಟಿ ಜನಕ್ಕೆ ಅಧಿಕೃತ ಗುರುತಿನ ದಾಖಲೆ ಇಲ್ಲ ಅಂತ ವಿಶ್ವಬ್ಯಾಂಕ್ 2022ರ ಹೊತ್ತಿಗೆ ಅಂದಾಜು ಮಾಡಿತ್ತು. 2025ರ ಫೆಬ್ರುವರಿಯಲ್ಲಿ ಎಫ್‌ಎಟಿಎಫ್ ತನ್ನ ನಿಯಮ ತಿದ್ದಿ, ಕ್ರಮಗಳು ರಿಸ್ಕಿಗೆ ತಕ್ಕ ಪ್ರಮಾಣದಲ್ಲಿರಬೇಕು, ರಿಸ್ಕ್ ಕಮ್ಮಿ ಇರೋ ಕಡೆ ಸರಳ ವಿಧಾನಕ್ಕೆ ಪ್ರೋತ್ಸಾಹ ಕೊಡಿ ಅಂತ ಇನ್ನೂ ಬಿಡಿಸಿ ಹೇಳ್ತು. ಅಂದ್ರೆ ಸಣ್ಣ ಮೊತ್ತದ ಮಿತಿ ಇರೋ ಅಕೌಂಟಿಗೆ ದೊಡ್ಡ ಅಕೌಂಟಿನಷ್ಟೇ ಪೇಪರ್ ಕೇಳಲೇಬೇಕು ಅಂತೇನಿಲ್ಲ. ಕಂಪನಿಗಳು ಇದನ್ನ ಬಳಸಬಹುದು, ಆದ್ರೆ ಎರಡು ದಾರಿ ಮಾಡೋಕಿಂತ ಒಂದೇ ಬಿಗಿ ದಾರಿ ಮಾಡೋದು ಸುಲಭ ಅಂತ ಸುಮಾರು ಜನ ಸುಮ್ನಾಗ್ತಾರೆ.

ಕಂಪನಿ ಹೆಸರಲ್ಲಿ ಬರೋ ಅಕೌಂಟ್‌ಗಳ ಬಗ್ಗೆನೂ ಒಂದೆರಡು ಮಾತು ಹೇಳಲೇಬೇಕು. ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯಲ್ಲಿ 2007ರಿಂದ 2015ರ ತನಕ ಆ ದೇಶದವರಲ್ಲದ ಕಸ್ಟಮರ್‌ಗಳ ಅಕೌಂಟಲ್ಲಿ ಸುಮಾರು 20,000 ಕೋಟಿ ಯೂರೋ ಹರಿದುಹೋಗಿತ್ತು, ಅದರಲ್ಲಿ ದೊಡ್ಡ ಪಾಲು ಅನುಮಾನದ್ದು. ಒಳಗಿನ ಉದ್ಯೋಗಿ ಹೊವಾರ್ಡ್ ವಿಲ್ಕಿನ್ಸನ್ 2013ರ ಕೊನೆಯಲ್ಲಿ ಎಚ್ಚರಿಕೆ ಕೊಟ್ಟಿದ್ದು ಯಾವುದೋ ಎಐನಿಂದಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಾಗಿದ್ದ ಒಂದು ಸಂಸ್ಥೆ ಅಲ್ಲಿನ ಸರ್ಕಾರಿ ದಾಖಲೆಯಲ್ಲಿ ತನಗೆ ವ್ಯವಹಾರವೇ ಇಲ್ಲ ಅಂತ ಲೆಕ್ಕ ಸಲ್ಲಿಸಿತ್ತು, ಇತ್ತ ಬ್ಯಾಂಕಲ್ಲಿ ಅದೇ ಸಂಸ್ಥೆಯ ಹೆಸರಲ್ಲಿ ಭಾರೀ ಹಣ ಓಡಾಡ್ತಿತ್ತು. ಅವರು ಎರಡು ಕಾಗದ ಪಕ್ಕಪಕ್ಕ ಇಟ್ಟು ಓದಿದ್ರು, ಅಷ್ಟೇ. ಬ್ರಿಟನ್ 2025ರ ನವೆಂಬರ್ 18ರಿಂದ ಕಂಪನಿ ಡೈರೆಕ್ಟರ್‌ಗಳಿಗೆ ಐಡಿ ಪರಿಶೀಲನೆ ಕಡ್ಡಾಯ ಮಾಡಿದೆ, ಒಳ್ಳೇದೇ ಆಯ್ತು. ಆದ್ರೆ ಡೈರೆಕ್ಟರ್ ಹೆಸರು ನಿಜ ಅಂತ ಗೊತ್ತಾದ ಮಾತ್ರಕ್ಕೆ ಆ ಕಂಪನಿ ಏನು ಮಾಡುತ್ತೆ ಅಂತ ಗೊತ್ತಾಗಲ್ಲ.

ಇಲ್ಲಿಗೆ ಬಂದ ಮೇಲೆ ಮ್ಯೂಲ್ ಅಕೌಂಟ್ ಬಗ್ಗೆ ಹೇಳಬೇಕು, ಯಾಕಂದ್ರೆ ನನ್ನ ವಾದ ಎಲ್ಲ ನಿಂತಿರೋದೇ ಅದರ ಮೇಲೆ. ಕೆಲಸ ಹುಡುಕ್ತಿರೋ ಒಬ್ಬ ಹುಡುಗನಿಗೆ ಯಾರೋ ಮೆಸೇಜ್ ಮಾಡ್ತಾರೆ, ನಿನ್ನ ಹೆಸರಲ್ಲಿ ಒಂದು ಅಕೌಂಟ್ ತೆಗಿ, ಅದಕ್ಕೆ ಬಂದ ಹಣ ನಾವು ಹೇಳಿದ ಕಡೆ ಕಳಿಸು, ನಿನಗೆ ಕಮಿಷನ್. ಆ ಹುಡುಗ ತನ್ನದೇ ಐಡಿ ಕೊಡ್ತಾನೆ, ತನ್ನದೇ ಮುಖ ತೋರಿಸ್ತಾನೆ, ಚಿಪ್ ಓದಿದ್ರೂ ಸರಿ ಇದೆ, ಕ್ಯಾಮೆರಾ ಮುಂದೆ ಇರೋದು ಜೀವಂತ ಮನುಷ್ಯನೇನಾ ಅನ್ನೋ ಲೈವ್‌ನೆಸ್ ಪರೀಕ್ಷೆನೂ ಪಾಸ್, ಯಾವ ಪಟ್ಟಿಯಲ್ಲೂ ಹೆಸರಿಲ್ಲ. ನಾವು ಇಷ್ಟು ಹೊತ್ತು ಮಾತಾಡಿದ ಎಲ್ಲ ತಂತ್ರಜ್ಞಾನವೂ ಇಲ್ಲಿ ಸರಿಯಾಗಿಯೇ ಕೆಲಸ ಮಾಡಿದೆ, ಆದ್ರೂ ಯಾರೋ ಮೋಸ ಹೋದ ಮುದುಕರ ಜೀವಮಾನದ ಉಳಿತಾಯ ಈ ಅಕೌಂಟಿನ ಮೂಲಕ ಮಾಯ ಆಗುತ್ತೆ. ಮುಂದೆ ಪೊಲೀಸರು ಬಂದಾಗ ಸಿಕ್ಕಿಬೀಳೋನು ಮಾತ್ರ ಆ ಹುಡುಗ.

ಇದನ್ನ ಹಿಡಿಯೋ ದಾರಿ ಯಾವುದು ಅಂದ್ರೆ, ಅಕೌಂಟ್ ಓಪನ್ ಮಾಡೋವಾಗ ಹೇಳಿದ್ದಕ್ಕೂ ಆಮೇಲೆ ನಡೆದದ್ದಕ್ಕೂ ಇರೋ ಅಂತರ. ವಿದ್ಯಾರ್ಥಿ, ಮನೆಯಿಂದ ತಿಂಗಳಿಗೊಂದು ಸಲ ಸ್ವಲ್ಪ ಹಣ ಬರುತ್ತೆ ಅಂತ ಹೇಳಿದ್ದ, ಎರಡನೇ ವಾರದಲ್ಲಿ ಗುರುತು ಪರಿಚಯ ಇಲ್ಲದ ಹತ್ತಾರು ಜನರಿಂದ ಹಣ ಬಂದು ಕೆಲವೇ ನಿಮಿಷದಲ್ಲಿ ಖಾಲಿಯಾಗಿದೆ. ಎರಡೂ ಒಂದೇ ಸ್ಕ್ರೀನ್ ಮೇಲೆ ಇದ್ರೆ ಹೊಸದಾಗಿ ಸೇರಿದವರಿಗೂ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತೆ. ಆದ್ರೆ ಹೆಚ್ಚಿನ ಕಡೆ ಆನ್‌ಬೋರ್ಡಿಂಗ್ ಒಂದು ಟೀಮ್, ಒಂದು ವೆಂಡರ್, ಒಂದು ಡೇಟಾಬೇಸ್, ಟ್ರಾನ್ಸಾಕ್ಷನ್ ಮಾನಿಟರಿಂಗ್ ಇನ್ನೊಂದು ಟೀಮ್, ಇನ್ನೊಂದು ವೆಂಡರ್. ಅಲರ್ಟ್ ನೋಡೋ ವ್ಯಕ್ತಿಗೆ ಕಸ್ಟಮರ್ ಹೆಸರು, ಐಡಿ ನಂಬರ್, ರಿಸ್ಕ್ ರೇಟಿಂಗ್ ಕಾಣುತ್ತೆ, ಅವನು ಅವತ್ತು ಏನು ಹೇಳಿದ್ದ ಅನ್ನೋದು ಕಾಣಲ್ಲ, ಬೇಕು ಅಂದ್ರೆ ಇನ್ನೊಂದು ಟೀಮಿಗೆ ಮೇಲ್ ಹಾಕಿ ಕಾಯಬೇಕು, ಟಾರ್ಗೆಟ್ ನಿಮಿಷ ಅಷ್ಟರಲ್ಲೇ ಮುಗಿದುಹೋಗುತ್ತೆ.

ಇನ್ನು ಪ್ರಶ್ನೆ ಕೇಳೋ ರೀತಿ. ಅಕೌಂಟಿನ ಉದ್ದೇಶ ಅಂತ ಒಂದು ಡ್ರಾಪ್‌ಡೌನ್, ಮೊದಲನೇ ಆಯ್ಕೆ ವೈಯಕ್ತಿಕ ಬಳಕೆ, ಎಲ್ಲರೂ ಅದನ್ನೇ ಒತ್ತಿ ಮುಂದೆ ಹೋಗ್ತಾರೆ. ಎಲ್ಲರೂ ಒಂದೇ ಉತ್ತರ ಕೊಡೋ ಪ್ರಶ್ನೆಯಿಂದ ಯಾರ ಬಗ್ಗೆಯೂ ಏನೂ ತಿಳಿಯಲ್ಲ. ಅದರ ಬದಲು ಮೊದಲ ತಿಂಗಳು ಈ ಅಕೌಂಟಿಗೆ ಹಣ ಎಲ್ಲಿಂದ ಬರುತ್ತೆ, ಸುಮಾರು ಎಷ್ಟು, ಯಾರಿಗೆ ಕಳಿಸ್ತೀರಾ ಅಂತ ಸರಳ ಭಾಷೆಯಲ್ಲಿ ಕೇಳಿದ್ರೆ ಪ್ರಾಮಾಣಿಕರು ಅರ್ಧ ನಿಮಿಷದಲ್ಲಿ ಹೇಳ್ತಾರೆ. ಮೋಸಕ್ಕೆ ಬಂದೋನು ಸುಳ್ಳು ಹೇಳ್ತಾನೆ ನಿಜ, ಆದ್ರೆ ಆ ಸುಳ್ಳು ದಾಖಲಾಗುತ್ತೆ, ಮೂರನೇ ವಾರದಲ್ಲಿ ಅದೇ ಸಾಕ್ಷಿ ಆಗುತ್ತೆ. ಜೊತೆಗೆ ಅಲ್ಲೇ ಒಂದು ಸಾಲು, ಬೇರೆಯವರು ಹೇಳಿ ಈ ಅಕೌಂಟ್ ತೆಗೀತಿದ್ದೀರಾ ಅಂತ ಕೇಳಿದ್ರೆ ಆ ಕೆಲಸ ಹುಡುಕೋ ಹುಡುಗ ಒಂದು ಕ್ಷಣ ನಿಂತು ಯೋಚನೆ ಮಾಡೋ ಸಾಧ್ಯತೆ ಇದೆ. ಡ್ರಾಪ್-ಆಫ್ ಹೆಚ್ಚಾಗುತ್ತೆ ಅಂತ ಪ್ರಾಡಕ್ಟ್ ಟೀಮ್ ಹೇಳುತ್ತೆ, ಅವರ ಮಾತಲ್ಲೂ ಸತ್ಯ ಇದೆ, ಒಂದೊಂದು ಪ್ರಶ್ನೆಗೂ ಒಂದಷ್ಟು ಜನ ಬಿಟ್ಟು ಹೋಗ್ತಾರೆ. ಹಾಗಿದ್ರೆ ಯಾರೂ ಓದದ ಬೇರೆ ಎರಡು ಪ್ರಶ್ನೆ ತೆಗೆದುಹಾಕಿ ಅನ್ನೋದು ನನ್ನ ಉತ್ತರ.

ಬೆಳವಣಿಗೆ ವೇಗದ ಬಗ್ಗೆನೂ ಇದೇ ಮಾತು. ಜರ್ಮನಿಯ ಎನ್26 ಬ್ಯಾಂಕಿಗೆ ಅಲ್ಲಿನ ನಿಯಂತ್ರಕ ಬಾಫಿನ್ 2021ರಲ್ಲಿ ತಿಂಗಳಿಗೆ 50,000ಕ್ಕಿಂತ ಹೆಚ್ಚು ಹೊಸ ಕಸ್ಟಮರ್ ತಗೊಳ್ಳಬೇಡಿ ಅಂತ ಮಿತಿ ಹಾಕಿತ್ತು, ಅದು ಪೂರ್ತಿ ಹೋಗಿದ್ದು 2024ರಲ್ಲಿ. ಎರಡೂವರೆ ವರ್ಷ ಬಾಗಿಲು ಅರ್ಧ ಮುಚ್ಚಿಟ್ಟುಕೊಂಡಿರೋ ನಷ್ಟದ ಮುಂದೆ ಸಾಕಷ್ಟು ರಿವ್ಯೂವರ್‌ಗಳನ್ನ ಮೊದಲೇ ತಗೊಳ್ಳೋ ಖರ್ಚು ದೊಡ್ಡದೇನಲ್ಲ.

ಕೆಲಸದಲ್ಲಿರೋರಿಗೆ ನಾನು ಹೇಳೋದು ಒಂದೇ ಒಂದು ಅಳತೆ. ಎಷ್ಟು ನಿಮಿಷದಲ್ಲಿ ಅಕೌಂಟ್ ಓಪನ್ ಆಯ್ತು, ಎಷ್ಟು ಜನ ಪಾಸ್ ಆದ್ರು ಅನ್ನೋ ಚಾರ್ಟ್ ನಿಮ್ಮ ಹತ್ರ ಈಗಾಗಲೇ ಇರುತ್ತೆ. ಅದರ ಪಕ್ಕ ಇನ್ನೊಂದು ಸಂಖ್ಯೆ ಹಾಕಿ: ಹೋದ ಮೂರು ತಿಂಗಳಲ್ಲಿ ಮುಚ್ಚಿದ ಅಲರ್ಟ್‌ಗಳಲ್ಲಿ ಎಷ್ಟನ್ನ ಮುಚ್ಚೋ ಮುಂಚೆ, ಆ ಕಸ್ಟಮರ್ ಅಕೌಂಟ್ ಓಪನ್ ಮಾಡೋವಾಗ ಕೊಟ್ಟ ಉತ್ತರನ ಯಾರಾದ್ರೂ ತೆಗೆದು ಓದಿದ್ದಾರೆ.